ಎಡಗೈಗೆ ತಕ್ಕ ಒಲೆ

ಕುಣಿಗಲ್ ಹೈವೇ ಪಕ್ಕ ನನ್ನದೊಂದು ಮುದ್ದೆ ಮೆಸ್ ಇದೆ. ಹಳೆ ಸೌದೆ ಒಲೆ ಬಿರುಕು ಬಿಟ್ಟಿತ್ತು. ಕಬ್ಬಿಣದ ಒಲೆ ಕೊಳ್ಳಲು ಗುಬ್ಬಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಒಲೆಗಳ ಬಗ್ಗೆ ಓದಿಕೊಂಡೇ ಹೋಗಿದ್ದೆ. ಹೊಗೆ ಕೊಳವೆ, ಗಾಳಿ ಕಿಂಡಿ, ತಗಡಿನ ದಪ್ಪ ಎಲ್ಲ ನೋಡಿ ಒಂದನ್ನು ಆರಿಸಿದೆ.

ಅಂಗಡಿಯ ವಯಸ್ಸಾದ ಯಜಮಾನರು ಒಲೆ ಬಿಟ್ಟು ನನ್ನ ತೋಳು ನೋಡಿದರು. "ಅದು ನಿಮ್ಗಾಗಲ್ಲ ಬುಡಮ್ಮ."

"ಇಪ್ಪತ್ತು ವರ್ಷದಿಂದ ಮುದ್ದೆ ತಿರುವ್ತಿದೀನಿ ಯಜಮಾನ್ರೇ. ನಂಗೆ ಒಲೆ ಗೊತ್ತಿಲ್ವಾ?"

"ಮುದ್ದೆ ಗೊತ್ತು ಬುಡಿ. ಎಲ್ಲಿ, ತಿರುವಿ ನೋಡಾನ," ಎಂದು ಖಾಲಿ ಪಾತ್ರೆ ಇಟ್ಟು ಕೋಲು ಕೊಟ್ಟರು.

ತಿರುವಿದೆ.

"ಎಡಗೈಯವ್ರು ನೀವು. ಈ ಒಲೆಗೆ ಸೌದೆ ಬಾಯಿ ಎಡಕ್ಕದೆ, ಉರಿ ನಿಮ್ ತೋಳಿಗೇ ಬಡಿತದೆ. ಬಲಕ್ಕೆ ಬಾಯಿ ಇಟ್ಟು ಮಾಡಿಕೊಡ್ತೀನಿ."

ಎಡತೋಳಿನ ಸುಟ್ಟ ಕಲೆಗಳನ್ನು ನೋಡಿಕೊಂಡೆ. ಹಳೆ ಒಲೆಯ ಬಾಯಿಯೂ ಎಡಕ್ಕೇ ಇತ್ತು. ಯಾರ ಮಾತೂ ಕೇಳದೆ ಹಾಗೆ ಕಟ್ಟಿಸಿದವಳು ನಾನೇ. ಕೆಲಸಕ್ಕೆ ಸೇರುವ ಹೆಂಗಸರಿಗೆಲ್ಲ ಆ ಕಲೆ ತೋರಿಸಿ, "ದುಡಿಮೆ ಅಂದ್ರೆ ಇದು ಕಣ್ರೇ" ಎನ್ನುತ್ತಿದ್ದೆ.

ಹೊಸ ಒಲೆ ಬಂದಿದೆ. ರವಿಕೆಗೆ ಕಲೆ ಮುಚ್ಚುವಷ್ಟು ಉದ್ದ ತೋಳು ಹೊಲಿಸಿಕೊಂಡಿದ್ದೇನೆ. ಉರಿಗೆ ಹೆದರಿ ಅಲ್ಲ.