ಹವಾಲ್ದಾರರ ಮೂರು ಪಟ್ಟಿ

ಫ್ರೆಂಡ್ಸ್, ಹಳೆಯ ಮಿಲಿಟರಿ ಕೋಟುಗಳಿಂದ ಉಣ್ಣೆ ಟೋಪಿ ಹೊಲಿಯುವುದು ನನ್ನ ಕೆಲಸ. ಉಡಿಗಾಲದ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಕೋಟು ಕೊಟ್ಟು, ತಮಗೂ ಹೆಂಡತಿಗೂ ಒಂದೊಂದು ಟೋಪಿ ಹೇಳಿದ್ದರು. ಇವತ್ತು ಇಬ್ಬರೂ ಗುಂಡ್ಲುಪೇಟೆಯ ನನ್ನ ಅಂಗಡಿಗೆ ಬಂದು, ಕನ್ನಡಿ ಮುಂದೆ ತೊಟ್ಟು ನೋಡಿದರು.

“ಏನವ್ವಾ, ನನ್ ಮೂರು ಪಟ್ಟೀನೂ ಇವಳ ಟೋಪಿಗೆ ಆಕ್ಬುಟ್ಟಿದ್ದೀಯಲ್ಲ!”

ಪಟ್ಟಿ ಇದ್ದದ್ದು ಕೋಟಿನ ಬಲತೋಳಿನಲ್ಲಿ. ಆ ಬಟ್ಟೆ ಅವರ ದೊಡ್ಡ ತಲೆಗೆ ಸಾಲಲಿಲ್ಲ, ಹೆಂಡತಿಯ ತಲೆಗೆ ಸರಿಹೋಯಿತು. ಹಾಗೆಂದೆ.

“ಬಿಚ್ಚಿ ನನ್ ಟೋಪಿಗೆ ಆಕು. ಅದು ನನ್ ರ‍್ಯಾಂಕು.”

ಆಕೆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಸುಮ್ಕೆ ಬ್ಯಾಗ್ ಎತ್ಕಳಿ. ಗೋಪಾಲಸ್ವಾಮಿ ಬೆಟ್ಟದ ಬಸ್ ಒಂಟೋಯ್ತದೆ.”

ಹವಾಲ್ದಾರರು ಬ್ಯಾಗ್ ಎತ್ತಿಕೊಂಡು ಹೆಂಡತಿಯ ಹಿಂದೆ ನಡೆದರು.

ನಾನು ಹೊಲಿದದ್ದು ಟೋಪಿ ಮಾತ್ರ. ಆಕೆಗೆ ಬಡ್ತಿ ಯಾವತ್ತೋ ಆಗಿತ್ತು.