ಅಳತೆ ಜಂಪರಿಗೆ ಕೈ ಹಚ್ಚುವವರು

ಲಿಂಗಸುಗೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ನನ್ನ ಮೊಮ್ಮಗಳು ಒಂದು ಪ್ರೋಗ್ರಾಂ ಬರೆದಿದ್ದಳು. ಸಿಂಧನೂರಿನ ನಮ್ಮ ಮನೆಯಲ್ಲೇ ಅವಳ ತಾಯಿಯ ಹೊಲಿಗೆ ಅಂಗಡಿ. ಗಿರಾಕಿಗಳ ಅಳತೆ ಇಟ್ಟುಕೊಂಡು, ಬಟ್ಟೆಯನ್ನು ಎಷ್ಟಕ್ಕೆ ಕತ್ತರಿಸಬೇಕೆಂದು ಆ ಪ್ರೋಗ್ರಾಂ ಹೇಳಬೇಕು. ಮರುದಿನ ಬೆಳಿಗ್ಗೆ ಸರ್‌ಗೆ ತೋರಿಸದಿದ್ದರೆ ಪ್ರಾಕ್ಟಿಕಲ್‌ನಲ್ಲಿ ಫೇಲು.

ಪ್ರಯೋಗಕ್ಕೆ ನನ್ನ ಎದೆ ಅಳತೆಯನ್ನೇ ಹಾಕಿದಳು. ಮೂವತ್ತಾರು. ಹೊಲಿಗೆಗೆಂದು ಎರಡಿಂಚು ಸೇರಿ ಮೂವತ್ತೆಂಟು ಬಂತು. ಸರಿ. ಇನ್ನೊಮ್ಮೆ ಕೇಳಿದರೆ ನಲವತ್ತು. ಮತ್ತೆ ಕೇಳಿದರೆ ನಲವತ್ತೆರಡು.

“ಎಲಾ ಇದರ! ಕುಂತಲ್ಲೇ ದಪ್ಪಗಾಗಾಕತ್ತೀನಲ್ಲಲೇ!”

“ಸುಮ್ನಿರ್ ಬೇ ಅಜ್ಜಿ, ನನಗ ಅಳು ಬರಾಕತ್ತೈತಿ.”

ಹುಡುಕಿ ಹುಡುಕಿ ಕೊನೆಗೆ ಹಿಡಿದಳು. ಲೆಕ್ಕ ಮಾಡುವ ಭಾಗಕ್ಕೆ ಫಂಕ್ಷನ್ ಅನ್ನುತ್ತಾರಂತೆ. ಅದರ ಕೈಗೆ ಅಳತೆಯ ನಕಲು ಕೊಡದೆ ಅಳತೆಯನ್ನೇ ಕೊಟ್ಟಿದ್ದಳು. ಅದು ಪ್ರತಿ ಸಲ ಮೂಲದಲ್ಲೇ ಎರಡಿಂಚು ಕೂಡಿಸಿ ಇಡುತ್ತಿತ್ತು.

ನನಗೆ ಮಸ್ಕಿಯ ಒಬ್ಬ ಮಹಾನುಭಾವ ದರ್ಜಿ ನೆನಪಾದ. ಕುಪ್ಪಸದ ಹೊಸ ಬಟ್ಟೆಯ ಜೊತೆ ಅಳತೆಗೆಂದು ಹಳೆಯ ಜಂಪರ್ ಕೊಟ್ಟು, ಹೊಸದನ್ನು ತುಸು ಸಡಿಲ ಹೊಲಿ ಅಂದಿದ್ದೆ. ಅವನು ಅಳತೆ ಜಂಪರನ್ನೂ ಬಿಚ್ಚಿ ಸಡಿಲ ಮಾಡಿಟ್ಟ. “ಪುಕ್ಕಟ ಮಾಡೀನ್ರೀ ಅಮ್ಮಾರ” ಎಂದು ಹಲ್ಲು ಬೇರೆ ಕಿಸಿದ.

“ಆ ಮಸ್ಕಿಯಾವನ್ನ ಈ ಡಬ್ಬಿಯೊಳಗ ಕುಂದರ್ಸೀಯೇನ್ಲೇ?” ಅಂದೆ.

ಅವಳು ಫಂಕ್ಷನ್ನಿಗೆ ಕೊಡುವ ಅಳತೆಯ ಹೆಸರಿಗೆ ಮೊದಲು ‘ಕಾನ್‌ಸ್ಟ್’ ಎಂದು ಬರೆದಳು. ಇದನ್ನು ಓದಬಹುದು, ಬದಲಿಸಬಾರದು ಎಂದು ಅದರರ್ಥವಂತೆ. ಬರೆದದ್ದೇ ತಡ, ಎರಡಿಂಚು ಕೂಡಿಸುವ ಸಾಲಿಗೆ ತಪ್ಪೆಂದು ಕೆಂಪು ಗೆರೆ ಬಿತ್ತು. ಪ್ರೋಗ್ರಾಂ ಶುರುವಾಗಲೇ ಇಲ್ಲ.

“ನೀನ ಬರೀತಿ, ನೀನ ಬೈಸ್ಕೊಂತಿ. ಇದಕ್ಕ ಕಾಲೇಜು ಬೇರೆ ಕೇಡು!”

“ಬೈಲಿ ಅಂತನ ಬರ್ದೀನಿ ಬೇ. ಈಗ ಬೈದ್ರ ಚಲೋ. ಗಿರಾಕಿ ಬಟ್ಟಿ ಕೆಟ್ಟ ಮ್ಯಾಲ ಬೈದ್ರ ಏನ್ ಬಂತು?”

ಮಸ್ಕಿಯವನ ಕತ್ತರಿಗೆ ಇಂಥ ಕೆಂಪು ಗೆರೆ ಎಳೆಯುವವರು ಯಾರೂ ಇರಲಿಲ್ಲ, ಅದು ನಿಜ.

ಕೂಡಿಸಿದ್ದನ್ನು ಬೇರೊಂದು ಹೆಸರಿನಲ್ಲಿ ಇಟ್ಟಳು. ಈಗ ಮೂವತ್ತೆಂಟು. ಎಷ್ಟು ಸಲ ಕೇಳಿದರೂ ಮೂವತ್ತೆಂಟೇ. ನನ್ನ ಮೂವತ್ತಾರು ಇದ್ದಲ್ಲೇ ಇತ್ತು.

ಮರುದಿನ ಮಧ್ಯಾಹ್ನ ಫೋನಿಗೆ ಅವಳ ಮೆಸೇಜು: “ಪಾಸಾದೆ ಅಜ್ಜಿ! ಈ ಅಳತಿ ಯಾರ್ದು ಅಂತ ಸರ್ ಕೇಳಿದ್ರು.”

ಈಚೆಗಷ್ಟೇ ಟೈಪ್ ಕಲಿತ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಕಳಿಸಿದೆ: “ಓದಾಕಷ್ಟ ಕೊಟ್ಟೀನಿ, ಊರ ತುಂಬ ಸಾರಾಕಲ್ಲ.”