ಅಕ್ಕನಿಗೆ ಅಮ್ಮ ಓದಿದ ಪಾಠಗಳು

ಬಂಗುಡೆ ಮೀನು ತೊಳೆದ ನೀರಿನ ವಾಸನೆ ನನ್ನ ಪಾಲಿಗೆ ಈಗಲೂ ಜೀವಶಾಸ್ತ್ರದ ವಾಸನೆ. ಕಾಕ್ಕನಾಡಿನ ಈ ಫ್ಲ್ಯಾಟಿನಲ್ಲಿ ಯಾರದೋ ಅಡುಗೆಮನೆಯಿಂದ ಅದು ತೇಲಿ ಬಂದರೆ ಸಾಕು, ವಿಲ್ಲಿಂಗ್ಡನ್ ಐಲ್ಯಾಂಡ್ ಎಂಬ ಬಂದರು ದ್ವೀಪದ ನಮ್ಮ ಬಾಡಿಗೆ ಮನೆಯ ಹಿತ್ತಿಲು ಕಣ್ಣಮುಂದೆ ಬರುತ್ತದೆ. ಕಾಸರಗೋಡಿನವರಾದ ಅಪ್ಪ ಅಲ್ಲಿ ಒಂದು ಹಡಗು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಮ್ಮ ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಮೀನು ಹೆಚ್ಚುವಾಗ ಸುಮಕ್ಕನ ಪುಸ್ತಕವನ್ನು ಒಂದು ತೆಂಗಿನಕಾಯಿಗೆ ಒರಗಿಸಿಟ್ಟು, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ಅಕ್ಕ ಹಿತ್ತಿಲಿನುದ್ದಕ್ಕೂ ನಡೆಯುತ್ತ ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದಳು. ಕೂತು ಓದಿದರೆ ಅವಳ ತಲೆಯಲ್ಲಿ ಒಂದು ಸಾಲೂ ನಿಲ್ಲುತ್ತಿರಲಿಲ್ಲ; ಕೇಳಿ, ನಡೆದು, ಬಾಯಿಬಿಟ್ಟು ಹೇಳಿದ್ದು ಮರೆಯುತ್ತಿರಲಿಲ್ಲ. ಬಂಗುಡೆಯ ಕೆಂಪು ಕಿವಿರನ್ನು ಬೆರಳಿನಿಂದ ಎತ್ತಿ ಅಮ್ಮ ಕೇಳುತ್ತಿದ್ದಳು: "ನಿನ್ನ ಪುಸ್ತಕದ್ದು ಇದುವೇ ಅಲ್ವಾ ಮಗಾ?"

ಅಕ್ಕನಿಗೆ ಡಾಕ್ಟರಾಗುವ ಆಸೆ. ಹನ್ನೆರಡನೆಯದು ಮುಗಿದ ಮೇಲೆ ಅಪ್ಪ ಅವಳನ್ನು ತಿರುವನಂತಪುರದ ಒಂದು ಎಂಟ್ರೆನ್ಸ್ ಕೋಚಿಂಗ್ ಹಾಸ್ಟೆಲಿಗೆ ಸೇರಿಸಿದರು. ಮಕ್ಕಳು ವರ್ಷಗಟ್ಟಲೆ ಉತ್ತರಪತ್ರಿಕೆಯಲ್ಲಿ ಸರಿಯುತ್ತರದ ಗುಂಡು ಸೊನ್ನೆಯನ್ನು ಕಪ್ಪು ಮಾಡಲು ಕಲಿಯುತ್ತಿದ್ದ ಕಾಲ ಅದು, ನಿಮಗೂ ನೆನಪಿರಬಹುದು. ಓಣಂ ರಜೆಗೆ ಮೊದಲು ಅಮ್ಮ ನನ್ನನ್ನು ಕರೆದುಕೊಂಡು ರೈಲಿನಲ್ಲಿ ಹೋದಳು. ಅಕ್ಕ ಸೊರಗಿದ್ದಳು. "ಇಲ್ಲಿ ಓದಿದ್ದು ಒಳಗೆ ಹೋಗುದೇ ಇಲ್ಲ ಅಮ್ಮಾ. ನಡೀಲಿಕ್ಕಿಲ್ಲ, ಶಬ್ದ ಮಾಡ್ಲಿಕ್ಕಿಲ್ಲ," ಎಂದಳು. ಸಂಜೆ ಅಮ್ಮ ನಮ್ಮನ್ನು ಶಂಖುಮುಖದ ಕಡಲತೀರಕ್ಕೆ ಕರೆದೊಯ್ದು, ಮರಳಿನ ಮೇಲೆ ಕೂತು ಪುಸ್ತಕ ತೆರೆದಳು. ಅಕ್ಕ ಅಲೆಯ ಅಂಚಿನಲ್ಲಿ ಹೆಜ್ಜೆ ಹಾಕುತ್ತ ಮೂತ್ರಪಿಂಡದ ಪಾಠವನ್ನು ಒಂದು ಚೂರೂ ಬಿಡದೆ ಹೇಳಿದಳು, ಗಾಳಿಗೆ ಹಾರುವ ಕೂದಲನ್ನು ಹಿಡಿದುಕೊಂಡು, ನಗುತ್ತ. ಅವಳು ಹಾಗೆ ನಕ್ಕಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ಹಿಂತಿರುಗಿದಾಗ ಹಾಸ್ಟೆಲಿನ ಗೋಡೆಗೆ ಆ ವಾರದ ಟೆಸ್ಟಿನ ರ‍್ಯಾಂಕ್ ಅಂಟಿಸಿದ್ದರು. ಅಕ್ಕನ ಹೆಸರು ತೀರಾ ಕೆಳಗಿತ್ತು. ಅಮ್ಮ ನೇರ ಅಲ್ಲಿನ ಮೇಷ್ಟರ ಎದುರು ನಿಂತು, ತನ್ನ ಕಾಸರಗೋಡಿನ ಮಲಯಾಳದಲ್ಲಿ, ಇವಳನ್ನು ಒಮ್ಮೆ ಬಾಯಲ್ಲಿ ಕೇಳಿ ನೋಡಿ ಸಾರ್ ಎಂದಳು. ಅವರು ಕೆಟ್ಟವರಲ್ಲ. ಬೇಸರದಿಂದಲೇ ತಲೆಯಾಡಿಸಿ, "ಪರೀಕ್ಷೆಯಲ್ಲಿ ಯಾರೂ ಬಾಯಲ್ಲಿ ಕೇಳುವುದಿಲ್ಲ ಚೇಚ್ಚಿ," ಎಂದರು.

ಮರುವರ್ಷ ಫಲಿತಾಂಶ ಬಂತು, ಸೀಟು ಬರಲಿಲ್ಲ. ಮನೆಗೆ ಮರಳಿದ ಅಕ್ಕನ ಎದುರು ಅಮ್ಮ ಮತ್ತೆ ಪುಸ್ತಕ ತೆರೆದಾಗ, "ಸಾಕಮ್ಮಾ," ಎಂದು ಅವಳು ಒಳಗೆ ಹೋದಳು. ಬಿಕಾಂ ಮಾಡಿದಳು, ಎಡಪ್ಪಳ್ಳಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಳು. ನಾನು ಮೂಲೆಯಲ್ಲಿ ಕೂತು ಸದ್ದಿಲ್ಲದೆ ಓದುವ ಜಾತಿ. ನನಗೆ ಅಮ್ಮನ ದನಿ ಬೇಕಾಗಿರಲಿಲ್ಲ. ಹಾಗೆ ಅಕ್ಕನ ಓದಿನೊಂದಿಗೆ ಅಮ್ಮನ ಓದೂ ನಿಂತಿತೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಪ್ಪ ನಿವೃತ್ತರಾದರು, ಐಲ್ಯಾಂಡಿನ ಮನೆ ಬಿಟ್ಟೆವು, ಅದನ್ನು ಕೆಡವಿ ಗೋದಾಮು ಕಟ್ಟಿದರು.

ವರ್ಷಗಳ ಮೇಲೆ ಅಮ್ಮನ ಮೂತ್ರಪಿಂಡಗಳೇ ಸೋತವು. ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಮೂತ್ರಪಿಂಡದೊಳಗಿನ ಸೋಸುವ ನಳಿಕೆಯ ಚಿತ್ರ ಬರೆದು ವಿವರಿಸುತ್ತಿದ್ದಾಗ, ಅಮ್ಮ ನಿಧಾನವಾಗಿ, ಅಕ್ಷರ ಕೂಡಿಸಿ, "ನೆ-ಫ್ರಾನ್" ಎಂದಳು. ಡಾಕ್ಟರಿಗೆ ಅಚ್ಚರಿ. "ಅಮ್ಮ ಟೀಚರ್ ಆಗಿದ್ದರಾ?" ಎಂದು ಕೇಳಿದರು.

"ಅಲ್ಲ," ಎಂದಳು ಅಮ್ಮ. "ಮಗಳು ಕಲೀತಿದ್ದಳು."

ಹಾಸಿಗೆಯ ಪಕ್ಕದಲ್ಲಿದ್ದ ಸುಮಕ್ಕ ಅಮ್ಮನ ಕಾಲಿನ ಹೊದಿಕೆಯನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದದ್ದನ್ನು ಮತ್ತೆ ಸರಿಮಾಡುತ್ತಲೇ ಇದ್ದಳು.